ಚೀಲದೊಳಗಿನ ಬಾಚಣಿಗೆ

"ಮುಂದೇನಾಗುತ್ತೆ, ಹೇಳಿ ನೋಡೋಣ. ಬಾಯಿಗೆ ಬಂದಿದ್ದಲ್ಲ, ಚಿತ್ರದಲ್ಲಿ ಸಾಕ್ಷಿ ತೋರಿಸ್ಬೇಕು," ಎಂದು ಟೀಚರ್ ಮುಂದಿನ ಪುಟವನ್ನು ಅಂಗೈಯಿಂದ ಮುಚ್ಚಿದರು. ಮೂವತ್ತು ಮಕ್ಕಳಿಗೆ ಇದ್ದದ್ದು ಅದೊಂದೇ ಪುಸ್ತಕ. ಎಲ್ಲರೂ ಕತ್ತು ಚಾಚಿದರು. ಚಿತ್ರದಲ್ಲಿ ಒಬ್ಬ ಅಮ್ಮ ಚೀಲ ಹಿಡಿದು, "ಸಂಜೆಗೆ ಬಂದ್ಬಿಡ್ತೀನಿ" ಎಂದು ಮಗನಿಗೆ ಹೇಳಿ ಹೊಸ್ತಿಲು ದಾಟುತ್ತಿದ್ದಳು.

"ಬಸ್ಸು ಪಂಕ್ಚರ್ ಆಗುತ್ತೆ, ಟೀಚರ್!"

"ಬಸ್ಸೇ ಇಲ್ಲ ಕಣೋ, ಪಂಕ್ಚರ್ ಎಲ್ಲಿಂದ ತಂದೆ?" ತರಗತಿ ಗೊಳ್ಳೆಂದು ನಕ್ಕಿತು. ಆ ಗದ್ದಲದಲ್ಲೇ ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. ಮೌನಗೌರಿ! ಅಜ್ಜಿ ತಂದು ಸೇರಿಸಿ ಮೂರು ತಿಂಗಳಾದರೂ ತುಟಿ ಪಿಟಕ್ಕೆನ್ನದ ಹುಡುಗಿ. ಟೀಚರಿಗೆ ತಮ್ಮ ಕಣ್ಣನ್ನೇ ನಂಬಲಾಗಲಿಲ್ಲ. "ಬಾ ಪುಟ್ಟಿ, ಬಾ," ಎಂದು ಕರೆದರು.

ಅವಳು ಮುಂದೆ ಬಂದು ಚೀಲದ ಮೇಲೆ ಬೆರಳಿಟ್ಟಳು. "ಈ ಅಮ್ಮ ವಾಪಸ್ ಬರಲ್ಲ. ಚೀಲದಲ್ಲಿ ಬಾಚಣಿಗೆ ಇದೆ, ಬಟ್ಟೆ ಇದೆ. ಸಂಜೆ ಬರೋರು ಬಾಚಣಿಗೆ ತಗೊಂಡು ಹೋಗಲ್ಲ."

ಟೀಚರ್ ಬಗ್ಗಿ ನೋಡಿದರು. ಚೀಲದ ಬಾಯಲ್ಲಿ ಬಾಚಣಿಗೆಯ ಹಲ್ಲು ಇಣುಕುತ್ತಿತ್ತು. ಹತ್ತು ವರ್ಷದಿಂದ ಇದೇ ಕಥೆ ಓದಿಸುತ್ತಿದ್ದರೂ ಅವರಿಗೆ ಅದು ಕಂಡಿರಲಿಲ್ಲ. "ಶಭಾಷ್! ಓದೋದು ಅಂದ್ರೆ ಹೀಗೆ. ಚಪ್ಪಾಳೆ ತಟ್ಟಿ ಎಲ್ಲರೂ! ನೀನು ಹೇಳಿದ್ದು ನೂರಕ್ಕೆ ನೂರು ಸರಿ ಕಣೇ!" ಎಂದು ಹಿಗ್ಗಿ ಅವಳ ಬೆನ್ನು ತಟ್ಟಿದರು.

ಹುಡುಗಿ ತನ್ನ ಜಾಗಕ್ಕೆ ಹೋಗದೆ ಅಲ್ಲೇ ನಿಂತಳು.

"ಹಾಗಾದ್ರೆ ನಮ್ಮಮ್ಮನೂ ಬರಲ್ವಾ, ಟೀಚರ್?"

ಮಕ್ಕಳ ಚಪ್ಪಾಳೆ ಇನ್ನೂ ನಿಂತಿರಲಿಲ್ಲ.