ಬಲಕ್ಕೆ ಸವೆದ ಟೈರ್

“ಪಂಢರಿ, ಇಲ್ಲಿ ಬಾ. ಜಲ್ದಿ ಬಾ!” ಖಾಜಾ ಮಿಯಾ ಸ್ಟ್ಯಾಂಡ್ ಮೇಲಿದ್ದ ರಾಜದೂತ್ ಬೈಕಿನ ಹಿಂದಿನ ಗಾಲಿಯನ್ನು ಗರಗರ ತಿರುಗಿಸಿ, ಅಂಗೈಯಿಂದ ತಡೆದು ನಿಲ್ಲಿಸಿದ. ಟೈರಿನ ಎಡಭಾಗದ ರಬ್ಬರ್ ಗುಂಡಿಗಳು ಹೊಸದರಲ್ಲಿ ಇದ್ದ ಹಾಗೆಯೇ ಎದ್ದು ನಿಂತಿದ್ದವು. ಬಲಭಾಗ ಮಾತ್ರ ಪೂರ್ತಿ ನುಣ್ಣಗಾಗಿತ್ತು.

ಲಾತೂರಿಗೆ ರೈಲಿನಲ್ಲಿ ನೀರು ಹೋದ ಬರಗಾಲದ ವರ್ಷ ಅದು. ಭಾತಂಬ್ರಾ ಊರಿನ ಎಷ್ಟೋ ಗಂಡಸರಂತೆ ಪಂಢರಿಯೂ ದಸರಾ ಮುಗಿಸಿ ಪುಣೆಗೆ ಹೋಗಿ ವಾಚ್‌ಮನ್ ಆಗಿದ್ದ. ಈಗ ಮೇ ತಿಂಗಳಲ್ಲಿ ಮೂರು ದಿನ ರಜೆ ಹಾಕಿ ಬಂದಿದ್ದ. ಹೆಂಡತಿಯನ್ನು ಕರೆದೊಯ್ಯಲು ಅಂದುಕೊಂಡರೆ ತಪ್ಪು. ಮೂವತ್ತೆಂಟು ವರ್ಷದ ಈ ಗಾಡಿಯನ್ನು ಒಯ್ಯಲು. ಪುಣೆಯವರೆಗೂ ಓಡಿಸಿಕೊಂಡೇ ಹೋಗುವ ಹುರುಪು ಅವನದು. ಬೆಳಿಗ್ಗೆ ಊರಿಂದ ಬೀದರಿಗೆ ಬರುವಾಗ ಗಾಡಿ ಒಂದು ಕಡೆಗೆ ಎಳೆಯುತ್ತಿತ್ತು, ಅದಕ್ಕೇ ಮಿಯಾನ ಈ ಟೈರ್ ಅಂಗಡಿಗೆ ಬಂದಿದ್ದ. ಗೋಡೆಗೆ ಎರಡು ಬಗೆಯ ಟೈರ್ ಒರಗಿದ್ದವು: ನುಣುಪು ಡಾಂಬರಿಗೆ ಉದ್ದ ಗೆರೆಯದು, ಭಾರ ಹೊರಲು ದಪ್ಪ ಗುಂಡಿಯದು. ಅವನು ಆಗಲೇ ಗೆರೆಯದನ್ನು ನಾಲ್ಕು ಸಲ ಮುಟ್ಟಿ ನೋಡಿದ್ದ.

“ದಸರಾಕ ನಾನೇ ಹೊಸಾವು ಹಾಕ್ಸೀನಿ ಚಾಚಾ. ಅವತ್ತಿನಿಂದ ಗಾಡಿ ಅಂಗಳದಾಗ ನಿಂತದ.”

“ನಿಂತ ಗಾಡಿ ಟೈರ್ ನೆಲಕ್ಕ ಹತ್ತಿದಲ್ಲಿ ಅಷ್ಟೇ ಚಪ್ಪಟಿ ಆಗ್ತದ. ಇದು ಸುತ್ತಾ ಸವದಾದ. ನಾಕೈದ್ ಸಾವಿರ ಕಿಲೋಮೀಟರ್ ಓಡ್ಯಾದ ಇದು. ದಿನಾ ಓಡ್ಯಾದ!” ಮಿಯಾನ ಕಣ್ಣು ಹೊಳೆಯುತ್ತಿದ್ದವು. ಇಂಥ ಪತ್ತೇದಾರಿಕೆ ಸಿಕ್ಕರೆ ಅವನು ಊಟವನ್ನೂ ಮರೆಯುವವನು.

“ಚಾವಿ ನನ್ನ ಕಿಸೇದಾಗ ಪುಣೆದಾಗಿತ್ತು!”

“ಇದರ ಚಾವಿ ಏನ್ ಹೇಳ್ತಿ? ತಲಿಪಿನ್ನು ತೂರಿಸಿ ತಿರುವಿದ್ರೂ ಚಾಲೂ ಆಗ್ತದ.”

ಪಂಢರಿಯ ಮೈ ಉರಿಯಿತು. ಮೀಟರನ್ನು ಕೇಳೋಣವೆಂದರೆ ಅದರ ವಯರ್ ಹರಿದು ಹತ್ತು ವರ್ಷವಾಗಿತ್ತು. “ಮಗ್ಗಲ ಮನಿ ಗೋರಖನಾಥಂದೇ ಕೆಲಸ. ಬಿಡಂಗಿಲ್ಲ ಅವನಿಗಿ!” ಎಂದು ಕೂಗಾಡಿದ. ಬಾಗಿಲ ಬಳಿ ಬೆಂಚಿನ ಮೇಲೆ ಕೂತಿದ್ದ ಅವನ ಹೆಂಡತಿ ಶಾಲುಬಾಯಿ ಬಸಿಯಲ್ಲಿ ಚಹಾ ಆರಿಸುತ್ತಿದ್ದಳು. ಅವಳು ಊರಿನ ಅಂಗನವಾಡಿ ಟೀಚರು.

“ತಡಿಯೋ, ಟೈರ್ ಇನ್ನೂ ಮಾತಾಡ್ಲಾಕತ್ತದ.” ಮಿಯಾ ಹಿಂದಿನ ಗಾಲಿಯಿಂದ ಮುಂದಿನ ಗಾಲಿಗೆ ದಾರ ಎಳೆದು ಒಂದು ಕಣ್ಣು ಮುಚ್ಚಿ ನೋಡಿದ. “ಗಾಲಿ ಸೀದಾ ಅದ. ಅಂದ್ರ ಗಾಡಿದು ತಪ್ಪಿಲ್ಲ. ಯಾರೋ ದಿನಾ ಎಡಕ್ಕ ಭಾರ ಕಟ್ಟಿ ಓಡಿಸ್ಯಾರ.”

“ಎಡಕ್ಕ ಭಾರ ಇದ್ರ ಎಡಕ್ಕೇ ಸವೀಬೇಕಲ್ಲ?”

“ಎಡ ಬಗಲಾಗ ತುಂಬಿದ ಕೊಡ ಹೊತ್ತಾಕಿ ಯಾ ಕಡಿ ವಾಲಿ ನಡೀತಾಳ, ಹೇಳು?”

“ಬಲಕ್ಕ...” ಎಂದವನೇ ಪಂಢರಿ ಬಾಯಿ ಮುಚ್ಚಿದ. ಮೆಲ್ಲಗೆ ಬೆಂಚಿನ ಕಡೆ ತಿರುಗಿದ. ಶಾಲುಬಾಯಿ ಕೊನೆಯ ಗುಟುಕು ಕುಡಿದು ಬಸಿ ಕೆಳಗಿಟ್ಟಳು.

“ಗೋರಖನಾಥಗ ಸುಮ್ಮನ ಬೈಬ್ಯಾಡ್ರಿ. ನಾನೇ ಓಡ್ಸೀನಿ. ದೀಪಾವಳಿಗಿ ಅಂಗನವಾಡಿ ಬೋರ್ ಬತ್ತಿತು. ಮೂರು ಕಿಲೋಮೀಟರ್ ಆಚಿ ಮಡೆಪ್ಪನ ಹೊಲದಾಗ ನೀರದ. ದಿನಾ ನಾಕು ಸರ್ತಿ ಹೋಗಿ ಬರ್ತೇನಿ. ಬಲಕ್ಕ ಸೈಲೆನ್ಸರ್ ಸುಡ್ತದ, ನೀರಿನ ಕ್ಯಾನ್ ಕರಗ್ತದ. ಎಡಕ್ಕ ಹೆಣ್ಮಕ್ಳ ಸೀರಿ ಸಿಗಬಾರ್ದಂತ ಕಂಬಿ ಹಾಕ್ಯಾರಲ್ಲ, ಅದಕ್ಕೇ ತೂಗ್ ಹಾಕ್ತೇನಿ.”

“ಫೋನಿನ್ಯಾಗ ಒಂದ್ ಮಾತ್ ಹೇಳ್ಲಿಲ್ಲಲ್ಲ ನೀ!”

“ನೀವು ದಿನಾ ಗಾಡಿ ಹ್ಯಾಂಗದ ಅಂತ ಕೇಳ್ತಿದ್ರಿ. ಆರಾಮದ ಅಂತಿದ್ದೆ. ಆರಾಮೇ ಇತ್ತು. ನಾ ಹ್ಯಾಂಗಿದೀನಿ ಅಂತ ಕೇಳಿದ್ರ ಹೇಳ್ತಿದ್ದೆ.” ಅವಳು ಎದ್ದು ನಿಂತಳು. “ಗಾಡಿ ನಿಮ್ದು, ಒಯ್ಯಿರಿ. ಆದ್ರ ನೀರಿಲ್ದ ನಾಳಿಗಿ ಮೂವತ್ತು ಹುಡುಗರ ಊಟದ ಒಲಿ ಹತ್ತೂದಿಲ್ಲ. ಅದಿಷ್ಟು ನಿಮಗ ಗೊತ್ತಿರ್ಲಿ.”

ಮಿಯಾ ನಗು ತಡೆಯಲಾರದೆ ಕೆಮ್ಮಿದ. ಪಂಢರಿಗೆ ಸಿಟ್ಟು, ನಾಚಿಕೆ, ಅದರ ಮೇಲೆ ಅಪನಂಬಿಕೆ. “ನೀ ಓಡಸ್ತಿ? ಇದನ್ನ? ಎಲ್ಲಿ, ತೋರಿಸು!”

ಶಾಲುಬಾಯಿ ಸೆರಗು ಸಿಕ್ಕಿಸಿದಳು. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ಒಂದೇ ಒಂದು ಕಿಕ್ ಹೊಡೆದಳು. ರಾಜದೂತ್ ಗುಡುಗಿತು, ಅಂಗಡಿ ತುಂಬ ನೀಲಿ ಹೊಗೆ. “ಭಲೇ ಬೇಟಿ!” ಎಂದು ಮಿಯಾ ಚಪ್ಪಾಳೆ ತಟ್ಟಿದ. ಅವಳು ಚೌಬಾರಾ ಗೋಪುರದ ಕಡೆ ಹೊರಟೇಬಿಟ್ಟಳು. ಎದುರು ಬಂದ ಆಟೋದವನು ಬೆಚ್ಚಿ ಬದಿಗೆ ಸರಿದ. ಪಂಢರಿ ರಸ್ತೆಯ ನಡುವೆ ಓಡಿ, “ಗೇರ್! ಗೇರ್ ಹಾಕು!” ಎಂದು ಕಿರುಚುವಷ್ಟರಲ್ಲಿ ಅವಳು ಮೂರನೆಯ ಗೇರಿಗೆ ಬಂದಿದ್ದಳು. ಅವನು ನಡುರಸ್ತೆಯಲ್ಲೇ ಜೋರಾಗಿ ನಕ್ಕುಬಿಟ್ಟ. ಏಳು ತಿಂಗಳಲ್ಲಿ ಇಷ್ಟು ಖುಷಿ ಅವನಿಗೆ ಆಗಿರಲಿಲ್ಲ.

ಆಮೇಲೆ ಅದು ಅವನ ಕಣ್ಣಿಗೆ ಬಿತ್ತು. ರಸ್ತೆ ಸಮನಾಗಿತ್ತು. ಎಡಗಡೆಯ ಕಂಬಿಗೆ ಏನೂ ತೂಗುಹಾಕಿರಲಿಲ್ಲ. ಆದರೂ ಶಾಲುಬಾಯಿ ಬಲಕ್ಕೆ ವಾಲಿಕೊಂಡೇ ಹೋಗುತ್ತಿದ್ದಳು.

“ಹಂಗಾದ್ರ ಪುಣೆ ರೋಡಿಗಿ ಗೆರಿದೇ ಹಾಕ್ಲೇನು?” ಮಿಯಾ ಹಿಂದಿನಿಂದ ಕೇಳಿದ.

“ಭಾರ ಹೊರೂದು ಹಾಕ್ರಿ ಚಾಚಾ,” ಎಂದ ಪಂಢರಿ, ರಸ್ತೆಯಿಂದ ಕಣ್ಣು ತೆಗೆಯದೆ. “ಪುಣೆಗಿ ಬಸ್ ಅದ.”