ಸೋಮವಾರದ ಮಾತ್ರೆ

ಹಲ್ಲು ಕೀಳುವ ಮೊದಲು ರಾಮನಗರದ ಡಾಕ್ಟರು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರು. ಮೂಳೆ ಸವೆತಕ್ಕೆಂದು ವಾರಕ್ಕೊಂದು ಮಾತ್ರೆ ಏನಾದರೂ ನುಂಗುತ್ತಿದ್ದೀರಾ, ನುಂಗುತ್ತಿದ್ದರೆ ಈಗಲೇ ಹೇಳಿ, ಕೆಲವರಿಗೆ ಕಿತ್ತ ಜಾಗ ಮಾಯದೆ ದವಡೆಯ ಮೂಳೆಯೇ ಸತ್ತುಹೋಗುವುದುಂಟು ಎಂದರು. ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದ ಚಿಕ್ಕಲಕ್ಷ್ಮಮ್ಮ ಉತ್ತರ ಕೊಡುವ ಮೊದಲೇ, ಜೊತೆಗೆ ಬಂದಿದ್ದ ವಾರಗಿತ್ತಿ ಕೃಷ್ಣಮ್ಮ ನಡುವೆ ಮಾತು ತೂರಿಸಿದಳು.

“ನಮ್ಮಕ್ಕ ಮಾತ್ರೆ ಮುಟ್ಟೋರಲ್ಲ ಸಾ. ಗಟ್ಟಿ ಮೂಳೆ ಅವ್ರದು.”

ಚಿಕ್ಕಲಕ್ಷ್ಮಮ್ಮ ಹೌದೆಂದು ತಲೆಯಾಡಿಸಿಬಿಟ್ಟಳು. ಬೇರೆ ಯಾರ ಮುಂದಾದರೂ ನಿಜ ಹೇಳಿಯಾಳು, ಕೃಷ್ಣಮ್ಮನ ಮುಂದೆ ಮಾತ್ರ ಪ್ರಾಣ ಹೋದರೂ ಆಗದು. ಡಾಕ್ಟರು ಹಲ್ಲು ಕಿತ್ತರು.

ತಮ್ಮೂರು ಕೂಟಗಲ್ಲಿನಲ್ಲಿ ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಐದು ವರ್ಷದ ಹಿಂದೆ ಕೃಷ್ಣಮ್ಮನ ಮಗ ನಟರಾಜು ಬಿಡದಿಯ ಫ್ಯಾಕ್ಟರಿ ಸೇರಿ, ಅಲ್ಲಿ ಕೊಟ್ಟ ಆಸ್ಪತ್ರೆ ಕಾರ್ಡಿನ ಮೇಲೆ ತಾಯಿಗೆ ಮೂಳೆಯ ಮಾತ್ರೆ ತಂದುಕೊಟ್ಟ. ಸೋಮವಾರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ದೊಡ್ಡ ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಬೆನ್ನು ಬಗ್ಗಿಸದೆ ನೆಟ್ಟಗಿರಬೇಕಂತೆ. ಮನೆಯವರೆಲ್ಲ ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಗಡಿಬಿಡಿಯಲ್ಲಿದ್ದರೆ ಇವಳು ಜಗುಲಿಯ ಮೇಲೆ ಪಟ್ಟದ ರಾಣಿಯ ಹಾಗೆ ಕೂತಿರುವಳು. ಅಷ್ಟು ಹೊತ್ತು ಸೊಸೆ ವನಜಾಕ್ಷಿಯೂ ಅತ್ತೆಯನ್ನು ಮಾತಾಡಿಸುವುದಿಲ್ಲ.

ಅದನ್ನು ಕಂಡು ಚಿಕ್ಕಲಕ್ಷ್ಮಮ್ಮನಿಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ರಾಗಿ ಮುದ್ದೆ ತಿಂದ ಮೈ ನನ್ನದು, ನನಗ್ಯಾಕೆ ಗುಳಿಗೆ ಎಂದು ಬೀದಿಗೆಲ್ಲ ಸಾರಿದಳು. ಸಾರಿದ ವಾರವೇ ತಿಪ್ಪೆಯಲ್ಲಿ ಬಿದ್ದಿದ್ದ ಮಾತ್ರೆಯ ಖಾಲಿ ಹಾಳೆ ಆರಿಸಿಕೊಂಡು, ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಹೋದಾಗ ಮೆಡಿಕಲ್ ಸ್ಟೋರಿನಲ್ಲಿ ತೋರಿಸಿ ಅದನ್ನೇ ತಂದಳು. ಹುಲಿಯನ್ನು ನೋಡಿ ನರಿ ಮೈಗೆ ಬರೆ ಹಾಕಿಕೊಂಡ ಹಾಗೆ. ಅಂದಿನಿಂದ ಕೃಷ್ಣಮ್ಮ ಜಗುಲಿಯಲ್ಲಿ ಕೂತರೆ ಇವಳು ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಕದ್ದು ಕೂರುತ್ತಿದ್ದಳು. ಒಂದು ಸೋಮವಾರವನ್ನೂ ತಪ್ಪಿಸಲಿಲ್ಲ.

ಹಲ್ಲು ಕಿತ್ತು ಎರಡು ತಿಂಗಳಾದರೂ ಗಾಯ ಮಾಯಲಿಲ್ಲ. ಕೀವು ಸೋರಿತು, ಒಸಡಿನ ನಡುವೆ ಮೂಳೆ ಕಾಣಿಸಿಕೊಂಡಿತು. ದವಡೆಯನ್ನು ಕೆರೆಯಬೇಕು, ಹೆಚ್ಚಾದರೆ ಒಂದು ತುಂಡು ತೆಗೆಯಲೂಬೇಕಾದೀತು ಎಂದರು ದೊಡ್ಡಾಸ್ಪತ್ರೆಯವರು. ಕೃಷ್ಣಮ್ಮನೇ ದಿನವೂ ಅಂಬಲಿ ಕಾಸಿ ತಂದು ಕುಡಿಸುವಳು. ಅವಳ ಬಾಯಲ್ಲಿ ಹಲ್ಲುಗಳೆಲ್ಲ ನೆಟ್ಟಗಿರುವುದನ್ನು ಕಂಡರೆ ಇವಳು ಅಂಬಲಿಯನ್ನು ಅರ್ಧಕ್ಕೇ ಬಿಟ್ಟು ಮುಖ ತಿರುಗಿಸುವಳು. ಒಂದೇ ಮಾತ್ರೆ ನುಂಗಿದ ಇಬ್ಬರಲ್ಲಿ ದೇವರು ತನ್ನೊಬ್ಬಳನ್ನೇ ಹಿಡಿದನಲ್ಲ ಎಂದು ಸಂಕಟ.

ಕೊನೆಗೊಂದು ದಿನ, ಅರೆಬಾಯಲ್ಲೇ ಎಲ್ಲವನ್ನೂ ಒಪ್ಪಿಕೊಂಡು, ಜಗಳಕ್ಕೆ ಬಂದವಳಂತೆ ಕೇಳಿದಳು. “ನೀನೂ ಐದು ವರ್ಸ ನುಂಗಿದ್ದೀಯ. ನಿಂಗ್ಯಾಕೆ ಏನೂ ಆಗ್ನಿಲ್ಲ?”

ಕೃಷ್ಣಮ್ಮ ಅಂಬಲಿಯ ಲೋಟ ಕೆಳಗಿಟ್ಟಳು. “ನಾನೆಲ್ಲಿ ನುಂಗ್ದೆ ಅಕ್ಕ? ಎದೆ ಉರೀತದೆ ಅಂದಿದ್ಕೆ ಎಲ್ಡು ತಿಂಗ್ಳಿಗೇ ಡಾಕ್ಟ್ರು ಬುಡಿಸ್ಬುಟ್ರು. ಮನೇಲಿ ಯಾರ್ಗೂ ಹೇಳ್ನಿಲ್ಲ ಅಷ್ಟೇಯ.”

“ಮತ್ತೆ ಸೋಮ್ವಾರ ಸೋಮ್ವಾರ ಕೂರ್ತಿದ್ದೆ?”

ಗೋಡೆಯಾಚೆ ಸೊಸೆಗೆ ಕೇಳಿಸೀತೆಂದು ಕೃಷ್ಣಮ್ಮ ದನಿ ತಗ್ಗಿಸಿದಳು.

“ಆ ಅರ್ಧ ಗಂಟೆ ಯಾರೂ ಕೆಲ್ಸ ಹೇಳ್ತಿರ್ನಿಲ್ಲ ಕಣಕ್ಕ.”