ಮುನ್ನೂರ ಹನ್ನೆರಡು ಸೆರಗು

ಅಜ್ಜ ಗ್ರಾಫ್ ಹಾಳೆಯ ಮೇಲೆ ಬರೆದ ಸೆರಗಿನ ನಕ್ಷೆಗಳನ್ನೆಲ್ಲ ನಾನು ಕಂಪ್ಯೂಟರಿಗೆ ಏರಿಸಿದ್ದೆ. ಆಮೇಲೆ ಹಾಳೆಗಳನ್ನು ಗೆದ್ದಲು ತಿಂದಿತು, ಅಜ್ಜನ ಕಣ್ಣೂ ಹೋಯಿತು. ಉಳಿದದ್ದು ಆ ಫೈಲುಗಳಷ್ಟೇ.

ಹಳೆಯ ಸಾಫ್ಟ್‌ವೇರಿನವಾದ್ದರಿಂದ ಆ್ಯಂಟಿವೈರಸ್ ಅವನ್ನು ವೈರಸ್ ಎಂದೇ ತಿಳಿಯುತ್ತಿತ್ತು. ವಾರವಿಡೀ ಕಣ್ಣುರಿಸಿಕೊಂಡು ಮುನ್ನೂರ ಹನ್ನೆರಡು ಹೆಸರುಗಳ ಪಟ್ಟಿ ಮಾಡಿ, 'ಇವನ್ನು ಮುಟ್ಟಬೇಡ' ಎಂಬ ನಿಯಮಕ್ಕೆ ಜೋಡಿಸಿದೆ. ಪಟ್ಟಿಗೆ 'ಪಟ್ಟಿ ಒಂದು' ಎಂದಷ್ಟೇ ಹೆಸರಿಟ್ಟೆ.

ಇವತ್ತು ಕಂಪ್ಯೂಟರ್ ಕಂಪನಿಯವನು ಹೊಸ ಆ್ಯಂಟಿವೈರಸ್ ಹಾಕಲು ಬಂದ.

"ಹಳೇ ನಿಯಮ ಎಲ್ಲಾ ಹೋದ್ವು, ಈ ಪಟ್ಟಿ ಒಂದ ಉಳದೈತಿ. ನೀವ ಮಾಡಿದ್ದೇನ್ರಿ ಅಕ್ಕಾರ?"

ಹೌದೆಂದು ತಲೆಯಾಡಿಸಿದೆ. ಯಾವುದರ ಪಟ್ಟಿ ಎಂದು ಹೇಳಬೇಕೆಂದುಕೊಂಡೆ. ಹೊಸಬರೆದುರು ನನಗೆ ಬಾಯಿಯೇ ಬರುವುದಿಲ್ಲ.

"ಭಾಳ ಛಲೋ ಆತು. ಪಟ್ಟಿ ಇದ್ರ ಯಾವ ನಿಯಮಕ್ಕ ಬೇಕಾದ್ರೂ ಹಚ್ಚಬಹುದು."

ಚಹಾ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಅವನು ಚೀಲ ಹೆಗಲಿಗೇರಿಸಿದ್ದ.

"ಮುಗೀತೇನಪಾ?" ಮಗ್ಗದ ಬಳಿಯಿಂದ ಅಜ್ಜ ಕೂಗಿದ. "ನಾಳೆ ಆ ಆನಿ ಸಾಲಿನ ಸೆರಗು ಮಗ್ಗಕ್ಕ ಏರಸೂದೈತಿ."

"ಮುಗೀತ್ರಿ ಅಜ್ಜಾರ. ವೈರಸ್ ಹೆಸರೆಲ್ಲಾ ನಿಮ್ಮ ಮೊಮ್ಮಗಳ ಬರದಿಟ್ಟಿದ್ಲು. ಅಳಿಸೋ ನಿಯಮಕ್ಕ ಹಚ್ಚಿದೆ, ಒಂದೂ ಉಳಿದಿಲ್ಲ."